ಪ್ರಿಂಟರಿನ ಗಂಟಲಲ್ಲಿ ಸಿಕ್ಕಿಕೊಂಡ ಶುಕ್ರವಾರ

ನನ್ನ ಕನ್ನಡಕದ ಪೆಟ್ಟಿಗೆಯಲ್ಲಿ ಉಗುರಿನಷ್ಟಿರುವ ಒಂದು ಕಾಗದದ ಚೂರು ಇದೆ. ಬೆಳಿಗ್ಗೆ ಕನ್ನಡಕ ತೆಗೆಯುವಾಗ ಅದು ಕೆಳಗೆ ಬೀಳುತ್ತದೆ. ನಾನು ಸೊಂಟಕ್ಕೆ ಕೈಕೊಟ್ಟು ಬಗ್ಗಿ, ಎತ್ತಿ, ಮತ್ತೆ ಅಲ್ಲೇ ಇಡುತ್ತೇನೆ. ಅದರ ಮೇಲೆ ದಪ್ಪಗೆ, ಕಪ್ಪಗೆ ‘ಳು’ ಎಂಬ ಒಂದೇ ಅಕ್ಷರವಿದೆ. ಯಾರೋ ಒಬ್ಬಳು ಏನೋ ಮಾಡಿದಳು, ಅಷ್ಟು ಗೊತ್ತಾಗುತ್ತದೆ. ಮನೆಗೆಲಸಕ್ಕೆ ಬರುವ ಮಂಗಲಾ ಒಮ್ಮೆ ಅದನ್ನು ಕಸದ ಜೊತೆ ಗುಡಿಸಿಬಿಟ್ಟಿದ್ದಳು. ನಾನು ಕಸದ ಮೊರದಿಂದ ಹೆಕ್ಕಿ ತೆಗೆದಾಗ ಅವಳು ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದು ಬೇಡ. ಇದು ನನ್ನ ಮೆಡಲ್ ಮಾರಾಯ್ತಿ ಎಂದು ಹೇಳಿದೆ. ಹತ್ತು ವರ್ಷ ಕಾನ್ವೆಂಟಿನಲ್ಲಿ ಓದಿಯೂ ಒಂದು ಮೆಡಲ್ ಕಾಣದವಳು ನಾನು. ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಸಿಕ್ಕಿದ್ದನ್ನು ಬಿಡುವುದುಂಟೇ?

ಚೂರು ಬಂದದ್ದು ನನ್ನ ಪ್ರಿಂಟರಿನ ಹೊಟ್ಟೆಯಿಂದ. ಕಾರವಾರದಲ್ಲಿ ಒಬ್ಬ ಮುದುಕಿಯ ಮನೆಯಲ್ಲಿ ಪ್ರಿಂಟರ್ ಯಾಕೆ ಎಂದು ಗ್ಯಾಸ್ ಸಿಲಿಂಡರ್ ತರುವವನೂ ಕೇಳುತ್ತಾನೆ. ದೇವರ ಕೋಣೆಯ ಪಕ್ಕದ ಮೇಜಿನ ಮೇಲೆ, ನಮ್ಮವರ ಫೋಟೋದ ಕೆಳಗೆ, ಕ್ರೋಶಾ ಹಾಕಿದ ಬಟ್ಟೆ ಹೊದ್ದುಕೊಂಡು ಅದು ಕೂತಿರುತ್ತದೆ. ನೋಡಿದವರು ಮೊದಲು ಹೊಲಿಗೆ ಮಷಿನ್ ಅಂದುಕೊಳ್ಳುತ್ತಾರೆ. ಅದನ್ನು ಕೊಂಡದ್ದು ಅಕ್ಕನಿಗಾಗಿ.

ಅಕ್ಕ ಅಂಕೋಲೆಯಲ್ಲಿ, ಕೇಣಿಗೆ ಹೋಗುವ ದಾರಿಯ ಒಂದು ಕೇರಿಯಲ್ಲಿ, ಮಗ ಸೊಸೆಯರ ಜೊತೆ ಇದ್ದಾಳೆ. ನನಗಿಂತ ಏಳು ವರ್ಷ ದೊಡ್ಡವಳು. ಕನ್ನಡ ಶಾಲೆಯ ಟೀಚರ್ ಆಗಿದ್ದವಳಾದ್ದರಿಂದ ಕೇರಿಗೆಲ್ಲ ಅವಳು ಅಕ್ಕೋರು. ರಿಟೈರ್ ಆಗಿ ಎಷ್ಟು ವರ್ಷವಾದರೂ ಮೀನು ಮಾರುವ ಹೆಂಗಸರು ಅವಳ ಗೇಟಿನ ಮುಂದೆ ದನಿ ತಗ್ಗಿಸುತ್ತಾರೆ. ಅಪ್ಪನಿಗೆ ಕಾರವಾರಕ್ಕೆ ವರ್ಗವಾದಾಗ ಅವಳು ಅಜ್ಜಿಯ ಬಳಿಯೇ ಉಳಿದಳು, ನಾನು ಅಪ್ಪ ಅಮ್ಮನ ಜೊತೆ ಬಂದು ಕಾನ್ವೆಂಟ್ ಸೇರಿದೆ. ಆ ಕಾರಣಕ್ಕೆ ನನ್ನ ಕನ್ನಡದಲ್ಲಿ ಇಂದಿಗೂ ಕಲ್ಲು ಸಿಗುತ್ತದೆ ಎನ್ನುತ್ತಾಳೆ. ನನ್ನ ಪತ್ರಗಳನ್ನು ಕೆಂಪು ಇಂಕಿನಲ್ಲಿ ತಿದ್ದಿ ವಾಪಸ್ ಕಳಿಸುತ್ತಿದ್ದ ಕಾಲವೂ ಇತ್ತು. ಈಗ ತಿದ್ದುವುದಿಲ್ಲ. ಕಣ್ಣಿನ ನಡುಭಾಗ ಸವೆದಿದೆಯಂತೆ. ಅಂಚಿನಲ್ಲಿ ಬೆಳಕಿದೆ, ಮಧ್ಯದಲ್ಲಿ ಮಂಜು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಅಕ್ಷರವಾದರೆ, ಪುಟವನ್ನು ಮೂಗಿಗೆ ತಾಗಿಸಿ ಓದುತ್ತಾಳೆ. ಅದಕ್ಕಿಂತ ಸಣ್ಣದು ಅವಳಿಗೆ ಬರೀ ಇರುವೆ ಸಾಲು.

ನಮ್ಮ ಕೊಂಕಣಿ ಮನೆಗಳಲ್ಲಿ ಶ್ರಾವಣದ ಶುಕ್ರವಾರ ಮತ್ತು ರವಿವಾರ ಚೂಡಿ ಪೂಜೆ. ಗರಿಕೆ, ಅಂಗಳದ ಹೂವು, ಎಲೆ ಸೇರಿಸಿ ಬಾಳೆ ನಾರಿನಿಂದ ಪುಟ್ಟ ಪುಟ್ಟ ಕಟ್ಟು ಕಟ್ಟಿ ತುಳಸಿಗೂ ದೇವಿಗೂ ಏರಿಸಿ, ಆಮೇಲೆ ಹೆಂಗಸರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವುದು. ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಶುಕ್ರವಾರದ ಪೂಜೆಯ ಮೇಲೆ ಅಮ್ಮ ಒಂದು ಕಥೆ ಓದುತ್ತಿದ್ದಳು. ಅವಳ ಅಜ್ಜಿ ಹೇಳಿದ ಕಥೆಗಳನ್ನು ಅವಳೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಬಾಯಿಪಾಠ ಬಂದರೂ ನೋಡಿಯೇ ಓದಬೇಕು ಎಂಬುದು ಅವಳ ಕಟ್ಟುನಿಟ್ಟು. ಬಾಯಲ್ಲಿ ಹೇಳಿದರೆ ನಾವು ನಮಗೆ ಬೇಕಾದ ಹಾಗೆ ತಿರುಚುತ್ತೇವೆ, ಸೊಸೆಯನ್ನು ಕೆಟ್ಟವಳು ಮಾಡುತ್ತೇವೆ, ಅತ್ತೆಗೆ ಇಲ್ಲದ ಗುಣ ಕೊಡುತ್ತೇವೆ ಅನ್ನುತ್ತಿದ್ದಳು. ಅಮ್ಮನ ನಂತರ ಆ ನೋಟ್‌ಬುಕ್ಕೂ ಅವಳು ಕೂತು ಓದುತ್ತಿದ್ದ ಮಣೆಯೂ ಅಕ್ಕನದು. ಕೇರಿಯ ಹನ್ನೆರಡು ಹದಿನೈದು ಹೆಂಗಸರು ಬರುತ್ತಾರೆ.

ಕಣ್ಣು ಹೀಗಾದ ಮೇಲೆ ಅವರಲ್ಲೊಬ್ಬಳು, ಎದುರುಮನೆಯ ಶಾಲಿನಿ, ಒಳ್ಳೆಯ ಮನಸ್ಸಿನಿಂದಲೇ ಒಂದು ಉಪಾಯ ಹೇಳಿದಳು. ಮೊಬೈಲಿನಲ್ಲಿ ಶ್ರಾವಣದ ಕಥೆಗಳು ಬೇಕಾದಷ್ಟಿವೆ, ಹಿಂದಿನಿಂದ ತಬಲಾ ಕೂಡ ಇರುತ್ತದೆ, ಅಕ್ಕೋರು ಸುಮ್ಮನೆ ಆರಾಮಾಗಿ ಕೂತುಕೊಳ್ಳಲಿ. ಅಕ್ಕ ಮರುದಿನ ನನಗೆ ಫೋನ್ ಮಾಡಿದಳು.

“ಲೀಲಾ, ದೊಡ್ಡ ಅಕ್ಷರದಲ್ಲಿ ಪುಟ ಬಂದರೆ ನಾನು ಓದುತ್ತೇನೆ. ಬಾರದಿದ್ದರೆ ಶಾಲಿನಿ ಮೊಬೈಲ್ ಹಚ್ಚಲಿ. ನಾನು ಒಳಗೆ ಹೋಗಿ ಮಲಗುತ್ತೇನೆ.”

ಅಕ್ಕ ಹಗಲಿನಲ್ಲಿ ಮಲಗಿದ್ದನ್ನು ನಾನು ಜನ್ಮದಲ್ಲಿ ನೋಡಿಲ್ಲ. ಆ ಮಾತು ನನಗೆ ನಾಟಿತು. ನೋಟ್‌ಬುಕ್ ತರಿಸಿಕೊಂಡು ಒಂದೇ ಬೆರಳಿನಲ್ಲಿ ಟೈಪ್ ಮಾಡಲು ಕೂತೆ. ಹೊರಗಿನ ಅಂಗಡಿಯಲ್ಲಿ ಪ್ರಿಂಟ್ ಮಾಡಿಸಿ ನೋಡಿದ್ದೆ. ಅಲ್ಲಿನವನು ಉಪಕಾರವಾಗಲಿ ಎಂದು ಅಕ್ಷರ ಸಣ್ಣದು ಮಾಡಿ ಇಪ್ಪತ್ತೆರಡು ಪುಟವನ್ನು ಮೂರು ಪುಟಕ್ಕೆ ತಂದಿಟ್ಟ. ಹಾಗಾಗಿ ನನ್ನದೇ ಮಷಿನ್ ಬಂತು.

ಮಷಿನ್ ಬಂದದ್ದು ಎಪ್ರಿಲ್‌ನಲ್ಲಿ. ಮೇ ತಿಂಗಳಲ್ಲಿ ಅದು ದೇವತೆಯ ಹಾಗಿತ್ತು, ಅಷ್ಟರಲ್ಲಿ ನಾನು ಟೈಪ್ ಮಾಡಿ ಮುಗಿಸಿದ್ದ ಮೊದಲ ಶುಕ್ರವಾರದ ಕಥೆಯನ್ನು ತಕರಾರಿಲ್ಲದೆ ಕೊಟ್ಟಿತು. ಜೂನ್‌ನಲ್ಲಿ ಮಳೆ ಹಿಡಿದದ್ದೇ ತಡ, ಅದರ ಗುಣ ಬದಲಾಯಿತು. ನಮ್ಮೂರಿನ ಮಳೆಗಾಲ ಗೊತ್ತಲ್ಲ, ಉಪ್ಪು ತನ್ನಷ್ಟಕ್ಕೆ ನೀರಾಗುತ್ತದೆ, ಕಪಾಟಿನ ಬಾಗಿಲು ಉಬ್ಬಿ ಮುಚ್ಚುವುದಿಲ್ಲ, ಚಪ್ಪಲಿಗೆ ಗಡ್ಡ ಬರುತ್ತದೆ. ಕಾಗದ ಮಾತ್ರ ಸುಮ್ಮನಿರುತ್ತದೆಯೇ? ಮೆತ್ತಗಾಗಿ ಎರಡೆರಡು ಹಾಳೆ ಅಂಟಿಕೊಂಡು ಒಳಗೆ ಹೋಗುವುದು, ಅರ್ಧದಲ್ಲಿ ಮಡಚಿಕೊಂಡು ಕೂರುವುದು. ಕೆಂಪು ದೀಪ ಮಿಣಮಿಣ. ಒಳಗೆ ಏನೋ ಹಳೆಯ ಬಸ್ ಗೇರ್ ಬದಲಿಸಿದ ಸದ್ದು.

ಮೊದಲ ಸಲ ನಾನು ಮಾಡಿದ್ದನ್ನು ಹೇಳಲು ಸಂಕೋಚ. ಹೊರಗೆ ಇಣುಕಿದ್ದ ಕಾಗದದ ಬಾಲ ಹಿಡಿದು ಎಳೆದೆ, ಬಾವಿಯಿಂದ ಕೊಡ ಎಳೆದ ಹಾಗೆ. ಅರ್ಧ ಬಂತು, ಅರ್ಧ ಒಳಗೇ ಉಳಿಯಿತು. ಎರಡನೆಯ ಸಲ ಹಾಳೆ ಜಾರಲಿ ಎಂದು ನಮ್ಮವರ ಕೇರಂ ಬೋರ್ಡಿನ ಪೌಡರ್ ತಂದು ಎರಡೂ ಕಡೆ ಸವರಿದೆ. ಲಾಜಿಕ್ ಸರಿಯಾಗಿಯೇ ಇತ್ತಲ್ಲ! ಜಾರಿದ್ದು ಮಾತ್ರ ಹಾಳೆಯಲ್ಲ, ಒಳಗಿನ ರಬ್ಬರ್ ಉರುಳೆ. ಅದು ತಿರುಗಿತು, ತಿರುಗಿತು, ಕಾಗದ ಇದ್ದಲ್ಲೇ ಇತ್ತು. ಇಡೀ ಕೋಣೆಯಲ್ಲಿ ಬಿಳಿ ಧೂಳು. ಫೋಟೋದಲ್ಲಿ ನಮ್ಮವರು ಕ್ವೀನ್ ಹಾಕಿದ ಖುಷಿಯಲ್ಲಿ ನಗುತ್ತಿದ್ದರು.

ರಿಪೇರಿಗೆ ಬಂದವಳು ವಿನೋದಾ. ಮಾಜಾಳಿಯವಳು, ನಲವತ್ತರ ಹೆಂಗಸು, ಮೊದಲು ಗೋವಾದ ಒಂದು ಆಫೀಸಿನಲ್ಲಿ ಈ ಕೆಲಸ ಮಾಡುತ್ತಿದ್ದಳು, ಈಗ ಕಾರವಾರದಲ್ಲಿ ಸ್ಕೂಟರ್ ಮೇಲೆ ಮನೆಮನೆಗೆ ಬರುತ್ತಾಳೆ. ಪೌಡರನ್ನು ಬೆರಳಿಂದ ಒರೆಸಿ ಮೂಸಿ ನೋಡಿದಳು. ಆಂಟಿ, ಇದಕ್ಕೇನು ಸ್ನಾನ ಮಾಡಿಸಿ ತೊಟ್ಟಿಲಿಗೆ ಹಾಕಿದ್ರಾ ಎಂದು ಕೇಳಿದಳು. ನಾನು ಚಹಾ ಮಾಡಲು ಎದ್ದೆ.

ಒದ್ದೆ ಬಟ್ಟೆಯಲ್ಲಿ ಉರುಳೆ ಒರೆಸಿ ಒಣಗಲು ಬಿಟ್ಟು ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಮಾಡಿದಳು. ಕಾಗದ ಸಿಕ್ಕಿದರೆ ಮೊದಲು ಸ್ವಿಚ್ ಆರಿಸಿ ಪ್ಲಗ್ ತೆಗೆಯಬೇಕು. ಒಳಗೆ ಇಸ್ತ್ರಿಪೆಟ್ಟಿಗೆಯಷ್ಟು ಬಿಸಿ ಇರುತ್ತದೆ, ಆರಲು ಬಿಡಬೇಕು. ಹಿಂದಿನ ಬಾಗಿಲು ತೆಗೆದು, ಕಾಗದ ಯಾವ ಕಡೆಗೆ ಹೊರಟಿತ್ತೋ ಆ ಕಡೆಗೇ, ಎರಡೂ ಕೈಯಲ್ಲಿ ಎರಡೂ ಅಂಚು ಹಿಡಿದು, ನಿಧಾನ ಎಳೆಯಬೇಕು. ಹರಿದರೆ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಬೇಕು. ಹಾಳೆ ಪೂರ್ತಿ ಆಗುವವರೆಗೆ ಬಾಗಿಲು ಹಾಕಬಾರದು, ಯಾಕೆಂದರೆ ಒಂದು ಚೂರು ಒಳಗೆ ಉಳಿದರೂ ಮಷಿನ್ ಮತ್ತೆ ಮತ್ತೆ ಹಟ ಮಾಡುತ್ತದೆ.

ಕೇಳುತ್ತಾ ಕೇಳುತ್ತಾ ನಾನು ಅಲ್ಲಿರಲಿಲ್ಲ. ಕಾನ್ವೆಂಟಿನ ಹೊಲಿಗೆ ಕ್ಲಾಸಿನಲ್ಲಿದ್ದೆ. ಸಿಸ್ಟರ್ ಬರ್ನಡೆಟ್ ನಮ್ಮ ಬೆಂಚುಗಳ ನಡುವೆ ಓಡಾಡುತ್ತಿದ್ದಾರೆ, ಹೊರಗೆ ಸಮುದ್ರದ ಸದ್ದು, ಒಳಗೆ ಸೀಮೆಸುಣ್ಣ ಮತ್ತು ಒದ್ದೆ ಯೂನಿಫಾರ್ಮಿನ ವಾಸನೆ. ಕಚ್ಚಾ ಹೊಲಿಗೆಯ ದಾರ ಬಿಚ್ಚುವಾಗ ನಾನು ಒಂದೇ ಎಳೆತಕ್ಕೆ ಎಳೆದು ಬಟ್ಟೆಯನ್ನೇ ಸುಕ್ಕು ಮಾಡುತ್ತಿದ್ದೆ. ಅವರು ನನ್ನ ಕೈ ಮೇಲೆ ತಮ್ಮ ತಣ್ಣನೆಯ ಕೈ ಇಟ್ಟು, “ಜೆಂಟ್ಲಿ, ಲೀಲಾ. ಪುಲ್ ಇಟ್ ದ ವೇ ಇಟ್ ವಾಂಟ್ಸ್ ಟು ಗೋ” ಎನ್ನುತ್ತಿದ್ದರು. ಎಳೆದದ್ದನ್ನೆಲ್ಲ ಹರಿಯುವವಳೆಂದು ನನಗೆ ಅವರು ಇಟ್ಟ ಹೆಸರು ಮಿಸ್ ಹರಿ. ಪರೀಕ್ಷೆಯ ಉತ್ತರ ಪತ್ರಿಕೆ ಕಟ್ಟುವ ಕೆಲಸವನ್ನೂ ನನಗೇ ಕೊಡುತ್ತಿದ್ದರು, ಶಿಕ್ಷೆಯೋ ಪ್ರೀತಿಯೋ ಇಂದಿಗೂ ತಿಳಿಯದು. ಹಾಳೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ ಗಾಳಿ ಆಡಿಸಬೇಕು, ಆಮೇಲೆ ಮೇಜಿನ ಮೇಲೆ ನಾಲ್ಕೂ ಬದಿಗೆ ತಟ್ಟಿ ಅಂಚು ಒಂದು ಮಾಡಬೇಕು, ಆಮೇಲೆ ದಾರ. ವಿನೋದಾ ನನ್ನ ಮುಂದೆ ಹೊಸ ಹಾಳೆಗಳನ್ನು ಬೀಸಣಿಗೆಯ ಹಾಗೆ ಬಿಡಿಸಿ, ಟಕ್ ಟಕ್ ತಟ್ಟಿ ಟ್ರೇಗೆ ಇಟ್ಟಾಗ, ಅರವತ್ತು ವರ್ಷದ ಹಿಂದಿನ ಪಾಠಕ್ಕೆ ಈಗ ಪರೀಕ್ಷೆ ಬಂತು ಅನ್ನಿಸಿತು.

ಹೋಗುವಾಗ ಅವಳು ಒಂದು ಮಾತು ಹೇಳಿದಳು. ಮಳೆಗಾಲ ಮುಗಿಯುವವರೆಗೆ ಕಾಗದವನ್ನು ಟ್ರೇಯಲ್ಲಿ ಬಿಡಬೇಡಿ, ಗಾಳಿ ಹೋಗದ ಡಬ್ಬದಲ್ಲಿಡಿ, ಬೇಕಾದಷ್ಟೇ ತೆಗೆಯಿರಿ. ಎಲ್ಲಕ್ಕಿಂತ ಒಣಗಿದ ಡಬ್ಬ ಯಾವುದೋ ಅದರಲ್ಲಿ.

ಕಾರವಾರದ ಯಾವ ಮನೆಯಲ್ಲಿ ಬೇಕಾದರೂ ಕೇಳಿ, ಎಲ್ಲಕ್ಕಿಂತ ಒಣಗಿದ, ಎಲ್ಲಕ್ಕಿಂತ ಬಿಗಿ ಮುಚ್ಚಳದ ಡಬ್ಬ ಒಂದೇ. ಒಣ ಸಿಗಡಿಯದ್ದು. ಬೇಸಿಗೆಯಲ್ಲಿ ಒಣಗಿಸಿದ್ದು ಮಳೆಗಾಲ ದಾಟಬೇಕಲ್ಲ. ನಮ್ಮತ್ತೆಯ ಕಾಲದ ಡಬ್ಬ, ಇರುವೆಗೂ ಪ್ರವೇಶವಿಲ್ಲ. ಶ್ರಾವಣ ಬಂತೆಂದರೆ ನಮ್ಮಲ್ಲಿ ಮೀನು ಬಂದ್, ಉಳಿದ ಸಿಗಡಿಯನ್ನು ಮಂಗಲಾಳಿಗೆ ಕೊಟ್ಟು ಡಬ್ಬ ತೊಳೆದಿಟ್ಟಿದ್ದೆ. ಶೀಗೆಪುಡಿ ಹಾಕಿ ಉಜ್ಜಿ, ಅಪರೂಪಕ್ಕೆ ಬಂದ ಬಿಸಿಲಲ್ಲಿ ಒಂದು ಇಡೀ ದಿನ ಇಟ್ಟು, ಕರ್ಪೂರ ಸುಟ್ಟು, ಮೂಗು ಒಳಗಿಟ್ಟು ಪರೀಕ್ಷಿಸಿದೆ. ಏನೇನೂ ವಾಸನೆ ಇಲ್ಲ. ಐವತ್ತು ವರ್ಷ ಆ ಡಬ್ಬದ ಜೊತೆ ಬಾಳಿದ ಮೂಗಿಗೆ ಏನು ವಾಸನೆ ಬಂದೀತು ಎಂದು ಆಗ ಹೊಳೆಯಲಿಲ್ಲ.

ಕಾಗದ ಹಪ್ಪಳದ ಹಾಗೆ ಗರಿಗರಿಯಾಯಿತು. ಎರಡನೆಯ ಶುಕ್ರವಾರದ ಕಥೆಯ ಇಪ್ಪತ್ತೆರಡು ಪುಟ ಒಂದೂ ತಡೆಯದೆ ಹೊರಬಂದವು. ನಾನು ಪ್ರಿಂಟರಿನ ತಲೆ ಸವರಿ, ಪ್ಲಾಸ್ಟಿಕ್ ಕವರಿನಲ್ಲಿ ಪುಟ ಸುತ್ತಿ, ಬಸ್ ಹತ್ತಿದೆ. ಹಾರವಾಡ ದಾಟುವವರೆಗೂ ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಅಕ್ಕನ ಜಗುಲಿಯಲ್ಲಿ ಪೂಜೆ ಮುಗಿದಿತ್ತು. ಸೊಸೆ ಸುಧಾ ಎಲ್ಲರಿಗೂ ಚೂಡಿ ಕೊಟ್ಟಾಗಿತ್ತು. ಅಕ್ಕ ಮಣೆಯ ಮೇಲೆ ಕೂತು ಮೊದಲ ಪುಟವನ್ನು ಮೂಗಿಗೆ ತಾಗಿಸಿ ಶುರು ಮಾಡಿದಳು. ಎರಡನೆಯ ಪುಟದ ಹೊತ್ತಿಗೆ ಹೆಂಗಸರು ಒಬ್ಬರನ್ನೊಬ್ಬರು ನೋಡತೊಡಗಿದರು. ಶಾಲಿನಿ ಮೆಲ್ಲಗೆ ಸೆರಗು ಮೂಗಿಗೆ ಹಿಡಿದಳು. ಒಬ್ಬರು ತಮ್ಮ ಅಂಗಾಲು ತಿರುಗಿಸಿ ನೋಡಿಕೊಂಡರು. ಸುಧಾ ಸಾಕಿದ ಬೂದು ಬೆಕ್ಕು ಹಿತ್ತಿಲಿನಿಂದ ಬಂದು, ಯಾರನ್ನೂ ಲೆಕ್ಕಿಸದೆ, ಅಕ್ಕನ ಮೊಣಕಾಲಿನ ಬಳಿ ಭಕ್ತಿಯಿಂದ ಕೂತಿತು. ಅಕ್ಕ ಓದು ನಿಲ್ಲಿಸಿದಳು.

“ಯಾರ ಮನೆಯಲ್ಲಿ ಶ್ರಾವಣ ಮುಗಿಯಿತು?”

ಅಕ್ಕ ಪುಟವನ್ನು ಇನ್ನೊಮ್ಮೆ ಮೂಸಿದಳು. ಕಣ್ಣು ಹೋದಷ್ಟೂ ಅವಳ ಮೂಗು ಚುರುಕಾಗಿದೆ.

“ಲೀಲಾ.”

ಅಷ್ಟೇ. ಐದನೆಯ ಕ್ಲಾಸಿನ ಹುಡುಗಿಯ ಹಾಗೆ ಎದ್ದು ನಿಂತು ಡಬ್ಬದ ವಿಷಯ ಒಪ್ಪಿಸಿದೆ. ಶೀಗೆಪುಡಿ, ಬಿಸಿಲು, ಕರ್ಪೂರ ಎಲ್ಲ ಹೇಳಿದೆ. ಶಾಲಿನಿಯ ಕೈ ತನ್ನ ಮೊಬೈಲಿನ ಕಡೆ ಹೋದದ್ದನ್ನು ನಾನು ನೋಡಿದೆ. ಪಾಪ, ಅವಳದ್ದೇನೂ ತಪ್ಪಿಲ್ಲ. ಉಪವಾಸದ ದಿನ, ಹೊಟ್ಟೆ ಖಾಲಿ, ದೇವಿಯ ಎದುರು ಸಿಗಡಿಯ ವಾಸನೆ. ಇನ್ನೇನು ಎಲ್ಲ ಮುಗಿಯಿತು, ಅಕ್ಕ ಎದ್ದು ಒಳಗೆ ಹೋಗುತ್ತಾಳೆ ಅಂದುಕೊಂಡೆ.

ಪುಟವನ್ನು ದೂರ ಹಿಡಿದರೆ ವಾಸನೆ ಇಲ್ಲ, ಆದರೆ ಅಕ್ಷರವೂ ಇಲ್ಲ. ಅಕ್ಷರ ಬೇಕಾದರೆ ಮೂಗು ಅದಕ್ಕೆ ತಾಗಲೇಬೇಕು. ಅಕ್ಕ ಪುಟವನ್ನು ತೊಡೆಯ ಮೇಲಿಟ್ಟುಕೊಂಡಳು.

“ದೇವಿಯೂ ಇದೇ ಊರಿನವಳು” ಎಂದಳು. “ಬೆಕ್ಕನ್ನು ಯಾರಾದರೂ ಎತ್ತಿಕೊಳ್ಳಿ.”

ಮತ್ತೆ ಪುಟವನ್ನು ಮೂಗಿಗೆ ಹಚ್ಚಿದಳು. ಇಪ್ಪತ್ತೆರಡು ಪುಟ, ಒಂದು ಸಾಲು ಬಿಡದೆ, ದನಿ ಏರಿಳಿಸಿ, ಅಲ್ಲಲ್ಲಿ ನನ್ನ ಒತ್ತಕ್ಷರದ ತಪ್ಪನ್ನು ನಿಂತು ತಿದ್ದಿಯೂ ಓದಿದಳು. ಆಮೇಲೆ ಎದ್ದು ತಲೆಗೆ ಸ್ನಾನ ಮಾಡಿ ಬಂದು ಊಟಕ್ಕೆ ಕೂತಳು. ನನಗೆ ಬಡಿಸುವಾಗ ಸುಧಾ ಬೇರೆ ಕಡೆ ನೋಡುತ್ತಾ ನಗು ತಡೆದುಕೊಂಡಿದ್ದಳು.

ಆ ದಿನ ವಾಪಸ್ ಬರುವ ಬಸ್ಸಿನಲ್ಲಿ ನಾನು ನಿರ್ಧರಿಸಿದೆ. ವಾಸನೆಯನ್ನು ಗೆದ್ದು ಓದಿದವಳಿಗೆ ಒಂದು ಪುಟವೂ ಕಡಿಮೆಯಾಗಬಾರದು. ಹೊಸ ಸ್ಟೀಲ್ ಡಬ್ಬ ತಂದೆ. ತಳದಲ್ಲಿ ಒಣ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟೆ. ಮುಚ್ಚಳದ ಮೇಲೆ ‘ಪೇಪರ್ ಓನ್ಲಿ’ ಎಂದು ಬರೆದು ಅಂಟಿಸಿದೆ, ಮಂಗಲಾಳಿಗಾಗಿ ಅಲ್ಲ, ನನಗಾಗಿ. ಮೂರನೆಯ ಶುಕ್ರವಾರ ಸುಖವಾಗಿ ದಾಟಿತು.

ಕೊನೆಯ ಶುಕ್ರವಾರದ ಕಥೆಯನ್ನು ಗುರುವಾರ ಪ್ರಿಂಟ್ ಮಾಡಬೇಕು ಎಂದಿದ್ದೆ. ಗುರುವಾರ ಎಲ್ಲೋ ಮರ ಬಿದ್ದು ಇಡೀ ದಿನ ಕರೆಂಟ್ ಇಲ್ಲ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬಂತು. ನನ್ನ ಬಸ್ಸು ಒಂಬತ್ತಕ್ಕೆ. ಹಾಳೆ ಬಿಡಿಸಿ, ಗಾಳಿಯಾಡಿಸಿ, ನಾಲ್ಕೂ ಬದಿ ತಟ್ಟಿ, ಟ್ರೇ ತುಂಬದ ಹಾಗೆ ಇಟ್ಟೆ. ಎಂಟು ಪುಟ ಬಂದವು. ಒಂಬತ್ತನೆಯದಕ್ಕೆ ಕರೆಂಟ್ ಒಮ್ಮೆ ಮಿಟುಕಿ ಹೋಗಿ ಬಂತು, ಅಷ್ಟರಲ್ಲಿ ಹಾಳೆ ಅರ್ಧ ಒಳಗೆ ಅರ್ಧ ಹೊರಗೆ ನಿಂತುಬಿಟ್ಟಿತು.

ಸ್ವಿಚ್ ಆರಿಸಿದೆ. ಪ್ಲಗ್ ತೆಗೆದೆ. ಆರಲಿ ಎಂದು ಗಡಿಯಾರ ನೋಡುತ್ತಾ ಕೂತೆ. ಆ ಹದಿನೈದು ನಿಮಿಷ ಮಿಸ್ ಹರಿ ಕುರ್ಚಿಯ ಕೈ ಹಿಡಿದುಕೊಂಡು ಕೂತದ್ದು ಆಕೆಯ ಜೀವನದ ದೊಡ್ಡ ಸಾಧನೆ. ಹಿಂದಿನ ಬಾಗಿಲು ತೆಗೆದು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಜೆಂಟ್ಲಿ ಎಂದುಕೊಳ್ಳುತ್ತಲೇ ಎಳೆದೆ. ಆದರೂ ಮೂಲೆ ಹರಿಯಿತು. ಮೂರು ತುಂಡು. ಮೇಜಿನ ಮೇಲೆ ಜೋಡಿಸಿದೆ. ಬಲಗಡೆ ಅಂಚಿನಲ್ಲಿ ಉಗುರಿನಷ್ಟು ಜಾಗ ಖಾಲಿ.

ಎಂಟು ಗಂಟೆ. ಪ್ರಿಂಟ್ ಅಂಗಡಿ ತೆಗೆಯುವುದು ಹತ್ತಕ್ಕೆ. ಎಂಟು ಪುಟ ಹಿಡಿದು ಹೋದರೆ ಅಕ್ಕ ಎಂಟು ಪುಟ ಓದಿ ನಿಲ್ಲಿಸುತ್ತಾಳೆ. ಮುಂದಿನದನ್ನು ಬಾಯಿಂದ ಹೇಳು ಎಂದರೆ ಹೇಳುವವಳಲ್ಲ. ಕಥೆಯ ನಡುವೆ ನಿಂತ ಆ ಮೌನದಲ್ಲಿ ಯಾರದೋ ಮೊಬೈಲ್ ಶುರುವಾಗುತ್ತದೆ. ಇದೆಲ್ಲ ನನಗೆ ಕಣ್ಣಿಗೆ ಕಟ್ಟಿತು. ವಿನೋದಾಳಿಗೆ ಫೋನ್ ಹಚ್ಚಿದೆ. ಅವಳು ದಾರಿಯಲ್ಲಿದ್ದಳು, ಮಳೆಯಲ್ಲಿ ಅವಳ ಮಾತು ಅರ್ಧ ಕೇಳಿಸಿತು.

“ಆಂಟಿ, ಉರುಳೆಯ ಪಕ್ಕ ಕಡ್ಡಿಯ ಹಾಗೆ ಒಂದು ಪುಟ್ಟ ಕರಿ ಪ್ಲಾಸ್ಟಿಕ್ ಇದೆ ನೋಡಿ, ಅದರ ಬುಡದಲ್ಲಿರುತ್ತೆ. ಕೈ ಹಾಕಬೇಡಿ. ಚಿಮಟದಲ್ಲಿ ತೆಗೀರಿ.”

ಚಿಮಟ ಇತ್ತು. ಗಲ್ಲದ ಮೇಲೆ ಬರುವ ಎರಡು ಕೂದಲಿಗಾಗಿ ನಾನು ಕನ್ನಡಿಯ ಹಿಂದೆ ಗುಟ್ಟಾಗಿ ಇಟ್ಟುಕೊಂಡದ್ದು. ಮಂಗಲಾ ಟಾರ್ಚ್ ಹಿಡಿದಳು, ನಾನು ನೆಲದ ಮೇಲೆ ಮೊಣಕಾಲೂರಿ ಮೇಜಿನ ಎತ್ತರಕ್ಕೆ ಕಣ್ಣು ತಂದೆ. ಕತ್ತಲಲ್ಲಿ ಒಂದು ಬಿಳಿ ಚುಕ್ಕೆ. ಮೂರು ಸಲ ಜಾರಿತು. ನಾಲ್ಕನೆಯ ಸಲ ಬಂತು. ಮೇಜಿನ ಮೇಲೆ ಖಾಲಿ ಜಾಗದಲ್ಲಿಟ್ಟೆ, ಸರಿಯಾಗಿ ಕೂತಿತು. ಹಾಳೆ ಪೂರ್ತಿಯಾಯಿತು.

ಬಾಗಿಲು ಹಾಕಿ ಸ್ವಿಚ್ ಒತ್ತಿದಾಗ ಹಸಿರು ದೀಪ. ಒಂಬತ್ತನೆಯದು ಹೊಸದಾಗಿ ಬಂದು, ಉಳಿದ ಹದಿಮೂರು ಪುಟವೂ ಬರುವಷ್ಟು ಹೊತ್ತು ನಾನು ಮಷಿನ್ ಕಡೆ ನೋಡಲೇ ಇಲ್ಲ, ನೋಡಿದರೆ ದೃಷ್ಟಿಯಾದೀತೆಂದು ಬೆನ್ನು ಹಾಕಿ ಸೀರೆ ಉಟ್ಟೆ. ಅವಸರದಲ್ಲಿ ಆ ಚೂರನ್ನು ಕನ್ನಡಕದ ಪೆಟ್ಟಿಗೆಗೆ ಹಾಕಿದ್ದು ಬಸ್ಸಿನಲ್ಲಿ ಗೊತ್ತಾಯಿತು. ನಿಲ್ದಾಣಕ್ಕೆ ಓಡಿದೆ ಎಂದು ಬರೆಯುವ ಆಸೆ. ಹೊರಟ ಬಸ್ಸಿನ ಕಂಡಕ್ಟರ್ ನನ್ನನ್ನು ನೋಡಿ ಸೀಟಿ ಊದಿ ನಿಲ್ಲಿಸಿದ ಎಂಬುದು ಸತ್ಯ.

ಅಕ್ಕ ಮೊದಲ ಪುಟ ತೆಗೆದುಕೊಂಡಾಗ ಮೊದಲು ಮೂಸಿದಳು. ಎಲ್ಲರೂ ನಕ್ಕರು. ಆಮೇಲೆ ಓದಿದಳು, ಕೊನೆಯವರೆಗೂ. ಆದರೆ ಈ ಸಲ ಅವಳ ಬೆರಳು ಸಾಲಿನ ಮೇಲೆ ನಿಧಾನವಾಗಿ ಹೋಗುತ್ತಿತ್ತು. ಕೆಲವು ಶಬ್ದಗಳಿಗೆ ಎರಡು ಸಲ ಹಿಂದೆ ಬಂದಳು. ನಾನು ಅದನ್ನು ನೋಡಿದೆ. ನಾನು ನೋಡಿದ್ದು ಅವಳಿಗೂ ತಿಳಿಯಿತು.

ಹೊರಡುವಾಗ ಗೇಟಿನವರೆಗೆ ಬಂದು, ನನ್ನ ಚೀಲದಲ್ಲಿ ಒಂದು ಚೂಡಿ ಇಟ್ಟಳು.

“ಮುಂದಿನ ಶ್ರಾವಣಕ್ಕೆ ಅಕ್ಷರ ಇನ್ನೂ ಸ್ವಲ್ಪ ದೊಡ್ಡದು ಮಾಡಬೇಕಾಗುತ್ತದೆ ಗೋ.”

“ಎಷ್ಟು ದೊಡ್ಡದು?”

“ಈಗಿನ ಎರಡರಷ್ಟು. ಪುಟ ಜಾಸ್ತಿಯಾಗುತ್ತದಲ್ಲ, ನಿನ್ನ ಮಷಿನ್ ತಡೆದುಕೊಳ್ಳುತ್ತದೆಯೇ?”

ತಡೆದುಕೊಳ್ಳುತ್ತದೆ ಎಂದೆ. ಬಸ್ಸಿನಲ್ಲಿ ಅಂದಾಜು ಮಾಡಿದೆ: ಅಕ್ಷರ ಎರಡರಷ್ಟಾದರೆ ಸಾಲಿಗೆ ಎರಡೇ ಶಬ್ದ, ಪುಟಕ್ಕೆ ನಾಲ್ಕು ಸಾಲು, ಒಂದು ಕಥೆಗೆ ತೊಂಬತ್ತು ಪುಟದ ಹತ್ತಿರ. ಅದರ ಮುಂದಿನ ವರ್ಷ ಪುಟಕ್ಕೆ ಒಂದೇ ಶಬ್ದ ಬಂದರೂ ಬರಲಿ. ಮರುದಿನವೇ ಇನ್ನೊಂದು ಸ್ಟೀಲ್ ಡಬ್ಬ ತಂದು, ತಳಕ್ಕೆ ಅಕ್ಕಿ ಕಟ್ಟಿಟ್ಟು, ಎರಡು ಕಟ್ಟು ಕಾಗದ ತುಂಬಿ ಮುಚ್ಚಳ ಒತ್ತಿದೆ.